ಹರಿಹರದ ದಾರಿ ತುಳಿದವನು ಗಂಗೆಯ ಮೀಸೆ ಮೀನುಗಳಿಗೆ ಹೆಸರಿಟ್ಟ: ಡಾಕ್ಟರ್ ಬುಕಾನನ್ ಬದುಕು

ಹೋದ ಬೇಸಿಗೆಯಲ್ಲಿ ಹರಿಹರದ ಹತ್ತಿರ ತುಂಗಭದ್ರೆ ಇಳಿದು ಬಂಡೆಗಳೆಲ್ಲ ಎದ್ದು ಕಾಣ್ತಿದ್ದ ಟೈಮಲ್ಲಿ, ಮಡುವಿನ ಪಕ್ಕ ಗಾಳ ಹಾಕಿ ಕೂತಿದ್ದ ನಾಲ್ಕು ಹುಡುಗರಿಗೆ ಒಂದು ಮೀನು ಸಿಕ್ತು. ಚಪ್ಪಟೆ ತಲೆ, ಕೆಳಗಡೆಗೆ ತೆರೆದುಕೊಂಡ ಅಗಲ ಬಾಯಿ, ಬಾಯಿ ಸುತ್ತ ದಪ್ಪ ಮೀಸೆ, ಮೈಮೇಲೆ ಹುರುಪೆ ಇಲ್ಲ, ಮಣ್ಣಿನ ಬಣ್ಣದ ಮೈಗೆ ಕಪ್ಪು ಪಟ್ಟೆ, ಬಾಲದ ತುದಿಯಲ್ಲಿ ದಾರದ ಹಾಗೆ ಎರಡು ಎಳೆ. ಹುಡುಗರಿಗೆ ಭಯ ಆಗಿ ಗಾಳದ ದಾರ ಕತ್ತರಿಸಿ ಬಿಡೋಣ ಅಂತಿದ್ದರಂತೆ. ಅಷ್ಟರಲ್ಲಿ ತೆಪ್ಪದಲ್ಲಿ ಬಂದ ಗಂಗಾಮತದ ಹಿರಿಯರೊಬ್ಬರು ನೋಡಿ ನಕ್ಕು, ಇದು ಹಳೇ ಮೀನು, ಕಲ್ಲಿನ ಸಂದಿಯಲ್ಲಿ, ನೀರು ಜೋರಾಗಿ ಹರಿಯೋ ಕಡೆ ಇರುತ್ತೆ, ಈಗೀಗ ಕಾಣೋದು ಕಡಿಮೆ ಅಷ್ಟೆ ಅಂತ ಧೈರ್ಯ ಹೇಳಿದರು.

ಫೋಟೋ ನನ್ನ ವಾಟ್ಸಾಪ್‌ಗೆ ಬಂತು. ತುಂಗಭದ್ರೆಯಲ್ಲಿ ವಿಚಿತ್ರ ಮೀನು ಪತ್ತೆ ಅಂತ ನಾಲ್ಕು ಸಾಲು ಬರೆದು ಹಾಕಿದೆ. ತಪ್ಪು ನನ್ನದೇ. ಬೆಳಿಗ್ಗೆ ಎದ್ದರೆ ಫೋನ್ ಮೇಲೆ ಫೋನ್. ವಿಚಿತ್ರ ಅಂದರೆ ಏನಪ್ಪಾ, ಅದಕ್ಕೊಂದು ಹೆಸರಿಲ್ವಾ ಅಂತ. ಡಿಗ್ರಿ ಅರ್ಧಕ್ಕೆ ಬಿಟ್ಟವನಿಗೆ ಇಂಥ ಪ್ರಶ್ನೆ ಸ್ವಲ್ಪ ಜಾಸ್ತಿನೇ ಚುಚ್ಚುತ್ತೆ. ಮೀನುಗಾರಿಕೆ ಓದಿದ ಪರಿಚಯದವರಿಗೆ ಫೋಟೋ ಕಳಿಸಿದೆ. ಅವರು ಹೆಸರು ಬರೆದು ಕಳಿಸಿದರು: ಬಗೇರಿಯಸ್. ಹಳೇ ಪಟ್ಟಿಗಳಲ್ಲಿ ಇದರ ಮುಂದೆ ಹ್ಯಾಮಿಲ್ಟನ್, 1822 ಅಂತ ಇರುತ್ತೆ, ನೋಡು ಅಂದರು.

ಆ ಹ್ಯಾಮಿಲ್ಟನ್ ಯಾರು ಅಂತ ಹುಡುಕೋಕೆ ಹೋದೆ. ಹೋಗ್ತಾ ಹೋಗ್ತಾ ನಮ್ಮ ಮಾರ್ಕೆಟ್ಟಿನ ಮೀನೆಲ್ಲ ಅದೇ ಹೆಸರಿನ ಕೆಳಗೆ ಬಂದವು. ರೋಹು? ಹ್ಯಾಮಿಲ್ಟನ್, 1822. ಕಾಟ್ಲಾ? ಹ್ಯಾಮಿಲ್ಟನ್, 1822. ಮೃಗಾಲ್? ಅದೂ ಅವನೇ. ನಮ್ಮ ಜಿಲ್ಲೆಯ ಕೆರೆಗಳಿಗೆ ಪ್ರತಿ ವರ್ಷ ಬಿಡೋ ಮರಿಗಳಲ್ಲಿ ಬಹುಪಾಲು ಇವೇ ಮೂರು ಜಾತಿ. ಅಂದರೆ ನಾವು ಭಾನುವಾರ ತಟ್ಟೆಗೆ ಹಾಕಿಕೊಳ್ಳೋ ಮೀನಿನ ಶಾಸ್ತ್ರೀಯ ಹೆಸರಿನ ಪಕ್ಕದಲ್ಲಿ ಈ ಮನುಷ್ಯ ಎರಡು ನೂರು ವರ್ಷದಿಂದ ಕೂತಿದ್ದಾನೆ. ಯಾರಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಈ ಹ್ಯಾಮಿಲ್ಟನ್ ನಮಗೆ ಹೊಸಬನೇನಲ್ಲ. ಇತಿಹಾಸದ ಮೇಷ್ಟ್ರುಗಳು ಬಾಯಿಬಿಟ್ಟರೆ ಹೇಳ್ತಾರಲ್ಲ ಬುಕಾನನ್, ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯೆಲ್ಲ ಸುತ್ತಿ ಪುಸ್ತಕ ಬರೆದವನು, ಅದೇ ಮನುಷ್ಯ. ಹರಿಹರಕ್ಕೂ ಬಂದಿದ್ದ, ದಾವಣಗೆರೆಗೂ ಬಂದಿದ್ದ. ವಯಸ್ಸಾದ ಮೇಲೆ ತಾಯಿ ಕಡೆಯ ಆಸ್ತಿ ಸಿಕ್ಕಿದ್ದಕ್ಕೆ ಹೆಸರು ಬದಲಾಯಿಸಿಕೊಂಡ. ಹಾಗಾಗಿ ಇತಿಹಾಸದವರಿಗೆ ಅವನು ಬುಕಾನನ್, ಮೀನಿನವರಿಗೆ ಹ್ಯಾಮಿಲ್ಟನ್. ಒಬ್ಬರ ಮನುಷ್ಯ ಇನ್ನೊಬ್ಬರಿಗೆ ಪರಿಚಯ ಇಲ್ಲ.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಕ್ಯಾಲೆಂಡರ್ ಅನ್ನೋ ಊರಿನ ಕಡೆ. ಅಪ್ಪನೂ ವೈದ್ಯ. ಮನೆಯಲ್ಲಿ ಇವನು ಕಿರಿಯ ಮಗ, ಮೇಲೆ ಅಣ್ಣಂದಿರು. ಅಲ್ಲಿನ ಪದ್ಧತಿಯಲ್ಲಿ ಆಸ್ತಿ ಹಿರಿಯವನಿಗೆ, ಉಳಿದವರು ತಮ್ಮ ಹೊಟ್ಟೆ ತಾವೇ ನೋಡಿಕೊಳ್ಳಬೇಕು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಡಾಕ್ಟರ್ ಆದ. ಅಲ್ಲೇ ಜಾನ್ ಹೋಪ್ ಅನ್ನೋ ಪ್ರೊಫೆಸರ್ ಹತ್ತಿರ ಸಸ್ಯಶಾಸ್ತ್ರದ ಹುಚ್ಚು ಹತ್ತಿತು. ಮುಂದೆ ಹಡಗುಗಳಲ್ಲಿ ಡಾಕ್ಟರಾಗಿ ಏಷ್ಯಾ ಕಡೆ ಓಡಾಡಿದ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದ. ಆಗಲೇ 32 ವರ್ಷ. ಕಂಪನಿ ನೌಕರಿಗೆ ಅದು ತಡವೇ.

ಮರು ವರ್ಷ ಬರ್ಮಾದ ರಾಜನ ಹತ್ತಿರ ಕಂಪನಿಯ ರಾಯಭಾರಿಯಾಗಿ ಹೋದ ಕ್ಯಾಪ್ಟನ್ ಸೈಮ್ಸ್ ಜೊತೆ ಡಾಕ್ಟರಾಗಿ ಹೋದ. ಹೋದಲ್ಲೆಲ್ಲ ಗಿಡ ಕಿತ್ತು ಒಣಗಿಸೋದು, ಊರಿನ ಜನರನ್ನ ಕೇಳಿ ಬರೆದುಕೊಳ್ಳೋದು. ವಾಪಸ್ ಬಂದಾಗ ಈಗಿನ ಬಾಂಗ್ಲಾದೇಶದ ಲಕ್ಷ್ಮೀಪುರದ ಹತ್ತಿರ ಪುಟ್ಟಾಹಾಟ್ ಅನ್ನೋ ಕಡೆ ಡ್ಯೂಟಿ ಬಿತ್ತು. ಮೇಘನಾ ನದಿಯ ಸೀಮೆ. ಎತ್ತ ನೋಡಿದರೂ ನೀರು, ನೀರಿನಲ್ಲಿ ಮೀನು. ಡಾಕ್ಟರಿಗೆ ಕಾಯಿಲೆ ನೋಡೋ ಕೆಲಸ ಕಡಿಮೆ ಇದ್ದಾಗ ಬೆಸ್ತರು ತಂದ ಮೀನು ನೋಡೋ ಕೆಲಸ ಶುರು ಆಯ್ತು. ಗಿಡದ ಹುಚ್ಚಿನ ಜೊತೆ ಮೀನಿನ ಹುಚ್ಚೂ ಸೇರಿಕೊಂಡಿತು. ಆ ಹುಚ್ಚು ಸಾಯೋ ತನಕ ಬಿಡಲಿಲ್ಲ.

ಆಮೇಲೆ ನಮ್ಮ ಕಡೆಯ ಕಥೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋದ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಈಗ ಲೆಕ್ಕ ಬೇಕಿತ್ತು. ಯಾವ ಸೀಮೆಯಲ್ಲಿ ಏನು ಬೆಳೆಯುತ್ತೆ, ಗಂಧ ಎಲ್ಲಿದೆ, ಮೆಣಸು ಎಲ್ಲಿದೆ, ಹತ್ತಿ ಎಷ್ಟು, ಜನ ಎಷ್ಟು, ನೆಯ್ಗೆ ಎಷ್ಟು. ಈ ಕೆಲಸಕ್ಕೆ ಬುಕಾನನ್‌ನನ್ನ ಆರಿಸಿದ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟವನು ಬೆಂಗಳೂರು, ಶ್ರೀರಂಗಪಟ್ಟಣ, ಶಿರಾ, ಕೊಯಮತ್ತೂರು, ಮಲಬಾರ್, ಮಂಗಳೂರು, ಹೊನ್ನಾವರ, ಶಿರಸಿ, ಬನವಾಸಿ, ಇಕ್ಕೇರಿ, ನಗರ ಅಂತ ಸುತ್ತುತ್ತಾ 1801ರಲ್ಲಿ ನಮ್ಮ ತುಂಗಭದ್ರೆ ಕಡೆಗೆ ಇಳಿದ. ಒಂದು ವರ್ಷಕ್ಕೂ ಜಾಸ್ತಿ ತಿರುಗಾಟ.

ಅವನು ಬಂದಾಗ ನಮ್ಮ ಸೀಮೆ ಹೇಗಿತ್ತು ಅಂತ ಸ್ವಲ್ಪ ಯೋಚನೆ ಮಾಡಿ. ಹತ್ತು ವರ್ಷದ ಹಿಂದೆ ಮರಾಠರ ದಂಡು ಲೂಟಿ ಮಾಡಿ ಹೋಗಿತ್ತು. ನಮ್ಮ ಚನ್ನಗಿರಿಯವನೇ ಆದ ಧೋಂಡಿಯಾ ವಾಘ್ ಟಿಪ್ಪು ಸತ್ತ ಮೇಲೆ ಕಂಪನಿ ವಿರುದ್ಧ ಎದ್ದು, 1800ರ ಸೆಪ್ಟೆಂಬರ್‌ನಲ್ಲಿ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಊರುಗಳು ಪಾಳು, ಹೊಲಗಳು ಬೀಳು. ಅಂಥ ಹೊತ್ತಲ್ಲಿ ಒಬ್ಬ ಬಿಳಿ ಡಾಕ್ಟರ್ ದುಭಾಷಿ ಕಟ್ಟಿಕೊಂಡು ಬಂದು, ಎಕರೆಗೆ ಎಷ್ಟು ರಾಗಿ ಅಂತ ಕೇಳಿದರೆ ರೈತ ಏನು ನಿಜ ಹೇಳ್ತಾನೆ? ಅದು ಬುಕಾನನ್‌ಗೂ ಗೊತ್ತಿತ್ತು. ಒಬ್ಬ ಹೇಳಿದ್ದನ್ನ ಇನ್ನೊಬ್ಬನ ಹತ್ತಿರ ಕೇಳಿ ಹೊಂದಿಸಿ ನೋಡುತ್ತಿದ್ದ. ದಿನಾ ಒಂದಷ್ಟು ದಾರಿ ನಡೆಯೋದು, ಮಣ್ಣು ನೋಡೋದು, ಕೆರೆ ನೋಡೋದು, ರಾತ್ರಿ ಬರೆಯೋದು. ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನದ ಶಾಸನಗಳ ಮೇಲೆ ಆಸಕ್ತಿ ಹೋಯ್ತು. ದಾವಣಗೆರೆಯಲ್ಲಿ ಕಂಬಳಿ ನೇಯ್ಗೆ ಬಗ್ಗೆ ಬರೆದುಕೊಂಡ. ಹೈದರಾಲಿ ಈ ಊರನ್ನ ಮರಾಠ ಸರದಾರ ಅಪ್ಪೋಜಿರಾಮನಿಗೆ ಜಹಗೀರಿ ಕೊಟ್ಟಿದ್ದು, ಅವನು ವ್ಯಾಪಾರಸ್ಥರನ್ನ ಕರೆಸಿ ಕೂರಿಸಿದ್ದು, ಪೇಟೆ ಬೆಳೆದಿದ್ದು ಇವೆಲ್ಲ ನಮಗೆ ಗೊತ್ತಾಗೋಕೆ ಈ ಡೈರಿಯೂ ಒಂದು ಕಾರಣ. ನಂತರ ಚಿತ್ರದುರ್ಗ, ಹಿರಿಯೂರು ಹಿಡಿದು ಹೋದ.

ಇದನ್ನ ಓದಿ ಅವನು ನಮ್ಮ ಮೇಲಿನ ಪ್ರೀತಿಗೆ ಬಂದ ಅಂತ ಯಾರೂ ತಿಳ್ಕೋಬೇಡಿ. ಬಂದಿದ್ದು ಕಂಪನಿಯ ಸಂಬಳಕ್ಕೆ, ಬರೆದಿದ್ದು ಕಂಪನಿಯ ಲಾಭಕ್ಕೆ. ನಮ್ಮ ದೇವರು, ನಮ್ಮ ಜಾತಿ, ನಮ್ಮ ಪುರೋಹಿತರ ಬಗ್ಗೆ ಬರೆಯುವಾಗ ಅವನ ಪೆನ್ನಲ್ಲಿ ಒಗರು ಜಾಸ್ತಿ. ಆದರೆ ಕಣ್ಣಿಗೆ ಕಂಡದ್ದನ್ನ ಬರೆಯುವಾಗ, ಅಂದರೆ ಬೆಳೆ, ಮಗ್ಗ, ಗಾಣ, ಕೆರೆ ಇವನ್ನೆಲ್ಲ ಬರೆಯುವಾಗ ಕೈ ನಿಯತ್ತಾಗಿತ್ತು. ಮೂರು ಸಂಪುಟದ ಈ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ತಿದ್ದಿ ಚೊಕ್ಕ ಮಾಡೋಕೆ ಅವನಿಗೆ ಟೈಮೇ ಸಿಗಲಿಲ್ಲ, ಡೈರಿ ಇದ್ದ ಹಾಗೇ ಹೋಯ್ತು. ಅದೇ ಒಳ್ಳೇದಾಯ್ತು ಅಂತ ನನ್ನ ಅಭಿಪ್ರಾಯ.

ಮೈಸೂರಿನ ನಂತರ ನೇಪಾಳ. 1802ರಲ್ಲಿ ಕ್ಯಾಪ್ಟನ್ ನಾಕ್ಸ್ ಜೊತೆ ಕಠ್ಮಂಡುಗೆ ಹೋಗಿ ಒಂದು ವರ್ಷದ ಹತ್ತಿರ ಇದ್ದ. ಬಂದ ಮೇಲೆ ವೆಲ್ಲೆಸ್ಲಿಯ ಖಾಸಗಿ ಡಾಕ್ಟರ್. ಕಲ್ಕತ್ತಾ ಹತ್ತಿರ ಹೂಗ್ಲಿ ದಂಡೆಯ ಬ್ಯಾರಕ್‌ಪುರದಲ್ಲಿ ಪ್ರಾಣಿ ಪಕ್ಷಿಗಳನ್ನ ಸಾಕಿ, ಅವುಗಳ ಚಿತ್ರ ಬರೆಸಿ, ವಿವರ ಬರೆಯೋ ಒಂದು ಸಂಸ್ಥೆ ವೆಲ್ಲೆಸ್ಲಿ ಶುರು ಮಾಡಿದ್ದ. ಅದರ ಉಸ್ತುವಾರಿ ಬುಕಾನನ್‌ಗೆ. ಅಲ್ಲಿ ಪ್ರಾಣಿಗಳ ಚಿತ್ರ ಬರೆದವರಲ್ಲಿ ಹಲುದಾರ್ ಅನ್ನೋ ಬಂಗಾಳಿ ಕಲಾವಿದನ ಹೆಸರು ಉಳಿದಿದೆ. ಉಳಿದವರ ಹೆಸರು ಹೆಚ್ಚಿನವು ಉಳಿದಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1807ರಲ್ಲಿ ಅವನ ಬದುಕಿನ ದೊಡ್ಡ ಕೆಲಸ ಬಂತು. ಬಂಗಾಳ ಪ್ರೆಸಿಡೆನ್ಸಿಯ ಜಿಲ್ಲೆಗಳ ಪೂರ್ತಿ ಸರ್ವೆ. ಏಳು ವರ್ಷ. ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್ಪುರ, ಪಟ್ನಾ-ಗಯಾ, ಶಾಹಾಬಾದ್, ಗೋರಖ್‌ಪುರ. ಕಂಪನಿ ಕೊಟ್ಟ ಆದೇಶದಲ್ಲಿ ಮೀನುಗಾರಿಕೆಯೂ ಇತ್ತು: ಮೀನು ಎಷ್ಟು ಸಿಗುತ್ತೆ, ಹೇಗೆ ಹಿಡಿತಾರೆ, ಜಾಸ್ತಿ ಮಾಡೋಕೆ ಏನು ಅಡ್ಡಿ. ಅವರಿಗೆ ಅದು ಆದಾಯದ ಲೆಕ್ಕ. ಡಾಕ್ಟರಿಗೆ ಅದು ಹಬ್ಬ.

ಹೇಗೆ ಕೆಲಸ ಮಾಡ್ತಿದ್ದ ಅಂದರೆ, ಗಂಗೆ, ಕೋಸಿ, ಮಹಾನಂದಾ, ಬ್ರಹ್ಮಪುತ್ರ ಈ ನದಿಗಳ ದಂಡೆಯ ಊರುಗಳಲ್ಲಿ ಬೆಸ್ತರು ಹಿಡಿದು ತಂದ ಮೀನನ್ನ ಮುಂದಿಟ್ಟುಕೊಂಡು ಕೂರೋದು. ಮೀಸೆ ಎಷ್ಟು ಅಂತ ಎಣಿಸೋದು. ಬೆನ್ನಿನ ರೆಕ್ಕೆಯಲ್ಲಿ ಕಡ್ಡಿ ಎಷ್ಟು, ಎದೆ ರೆಕ್ಕೆಯಲ್ಲಿ ಎಷ್ಟು, ಬಾಲದಲ್ಲಿ ಎಷ್ಟು, ಒಂದೊಂದನ್ನೂ ಬಿಡಿಸಿ ಲೆಕ್ಕ. ಮುಳ್ಳಿನ ಅಂಚಲ್ಲಿ ಗರಗಸದ ಹಲ್ಲು ಇದೆಯಾ, ಇದ್ದರೆ ಯಾವ ಕಡೆ. ಕಣ್ಣು ಮೇಲಿದೆಯಾ, ಪಕ್ಕದಲ್ಲಿದೆಯಾ. ಬಣ್ಣವನ್ನ ಬೇಗ ಬರೀಬೇಕು, ಯಾಕಂದ್ರೆ ಸತ್ತ ಮೀನಿನ ಬಣ್ಣ ಗಂಟೆಯೊಳಗೆ ಓಡಿ ಹೋಗುತ್ತೆ. ಗಾಳ ಹಾಕಿ ಅಭ್ಯಾಸ ಇರೋರಿಗೆ ಇದು ಗೊತ್ತು. ಪಕ್ಕದಲ್ಲಿ ಚಿತ್ರಗಾರ ಕೂತು ಅದೇ ಹೊತ್ತಿಗೆ ಬರೀತಿದ್ದ.

ಮೀಸೆ ಮೀನುಗಳಲ್ಲಿ ಅವನಿಗೆ ಸಿಕ್ಕ ವಿಚಿತ್ರಗಳನ್ನ ಕೇಳಿ. ಒಂದರ ಬಾಲದಿಂದ ಚಾಟಿಯ ಹಾಗೆ ಉದ್ದ ಎಳೆ, ಇಡೀ ಮೈಗಿಂತ ಉದ್ದ. ಮೈಮೇಲೆ ಎಲುಬಿನ ತಟ್ಟೆ. ಅದಕ್ಕೆ ಸಿಸೋರ್ ಅಂತ ಹೆಸರು ಹಾಕಿದ. ಇನ್ನೊಂದರ ತಲೆ ಚೌಕಾಕಾರ, ತಲೆಯಷ್ಟೇ ಅಗಲದ ಬಾಯಿ. ಕೆಸರಲ್ಲಿ ಎಲೆಯ ಹಾಗೆ ಬಿದ್ದಿರುತ್ತೆ, ಸಣ್ಣ ಮೀನು ಹತ್ತಿರ ಬಂದಾಗ ಗುಳುಂ. ಅದು ಚಾಕಾ. ನೀರಿನಿಂದ ಎತ್ತಿದಾಗ ಚಕ ಚಕ ಅಂತ ಸದ್ದು ಮಾಡುತ್ತೆ, ಅದಕ್ಕೇ ಆ ಹೆಸರು ಅಂತಾರೆ. ಚಿಕ್ಕ ಹಾರಾ ಒಂದು ಕಡೆ. ಮನುಷ್ಯನಷ್ಟು ಉದ್ದ ಬೆಳೆಯೋ ಬಗೇರಿಯಸ್ ಇನ್ನೊಂದು ಕಡೆ. ಎದೆ ರೆಕ್ಕೆಯ ಮುಳ್ಳನ್ನ ಕತ್ತಿಯಂತೆ ಚಾಚಿ ನಿಲ್ಲೋ ರೀಟಾ. ಬಾಯಲ್ಲಿಟ್ಟರೆ ಕರಗೋ ಪಾಬ್ದಾ. ಪಂಗಾಸ್, ಶಿಲೊಂಡ್, ಬಾಚಾ, ಆಡ್, ಟೆಂಗ್ರಾ, ಮಾಗುರ್. ಈ ಹೆಸರುಗಳನ್ನ ಒಂದು ಸಲ ಜೋರಾಗಿ ಓದಿ ನೋಡಿ. ಇವೆಲ್ಲ ಬಂಗಾಳ ಬಿಹಾರದ ಮೀನು ಪೇಟೆಯ ಹೆಸರುಗಳು. ಇವತ್ತಿಗೂ ಕಲ್ಕತ್ತಾದ ಮಾರ್ಕೆಟ್ಟಿನಲ್ಲಿ ಹೀಗೇ ಕೂಗ್ತಾರೆ.

ಆ ಕಾಲದ ಪದ್ಧತಿ ಬೇರೆ ಇತ್ತು. ಯುರೋಪಿನ ಪಂಡಿತರು ಹೊಸ ಮೀನು ಸಿಕ್ಕರೆ ಲ್ಯಾಟಿನ್ನಿನಲ್ಲೋ ಗ್ರೀಕಿನಲ್ಲೋ ಹೆಸರು ಕಟ್ಟುತ್ತಿದ್ದರು, ಇಲ್ಲಾಂದ್ರೆ ತಮ್ಮ ದೊಡ್ಡ ಮನುಷ್ಯರ ಹೆಸರು ಅಂಟಿಸುತ್ತಿದ್ದರು. ಬುಕಾನನ್ ಹೆಚ್ಚು ಕಡೆ ಬೆಸ್ತ ಏನು ಕರೆದನೋ ಅದನ್ನೇ ಶಾಸ್ತ್ರದ ಹೆಸರು ಮಾಡಿಬಿಟ್ಟ. ರೋಹಿತ, ಕಾಟ್ಲಾ, ಮೃಗಾಲ, ಬಾಘಾಡ್‌ನಿಂದ ಬಗೇರಿಯಸ್. ಮೀನು ಹಿಡಿದವನ ಹೆಸರು ಎಲ್ಲೂ ಬರಲಿಲ್ಲ ನಿಜ. ಆದರೆ ಹಿಡಿದವನ ಬಾಯಿಮಾತು ಉಳಿಯಿತು. ಇವತ್ತು ಜಪಾನಿನ ವಿಜ್ಞಾನಿಯೂ ಆ ಮೀನನ್ನ ಕರೆಯೋದು ಬಂಗಾಳದ ಬೆಸ್ತನ ಮಾತಿನಲ್ಲೇ. ನಮ್ಮ ಮುರುಗೋಡು ಮೀನಿನ ಹತ್ತಿರದ ಸಂಬಂಧಿಗೆ ಲೋಕವೆಲ್ಲ ಮಾಗುರ್ ಅನ್ನೋದು ಅದಕ್ಕೇ. ನಮ್ಮ ಕಡೆ ಒಂದು ಏಳು ವರ್ಷ ಇವನು ನದಿ ದಂಡೆಯಲ್ಲಿ ಕೂತಿದ್ದರೆ ಎಷ್ಟು ಕನ್ನಡ ಹೆಸರು ಆ ಪಟ್ಟಿಗೆ ಸೇರುತ್ತಿತ್ತೋ ಅಂತ ನನಗೆ ಹೊಟ್ಟೆ ಉರಿಯುತ್ತೆ.

ತಪ್ಪೂ ಮಾಡಿದ. ನಮ್ಮ ಬಾಳೆ ಮೀನನ್ನ ಅವನು ಹೊಸದು ಅಂದುಕೊಂಡು ಬಂಗಾಳದ ಬೋಆಲ್ ಹೆಸರು ಕೊಟ್ಟ. ಆದರೆ ಅದಕ್ಕೆ 1801ರಲ್ಲೇ ಬರ್ಲಿನ್ನಿನ ಪುಸ್ತಕವೊಂದರಲ್ಲಿ ಅಟ್ಟು ಅಂತ ಹೆಸರು ಬಿದ್ದಾಗಿತ್ತು. ಅಂದರೆ ಇವನು ಹರಿಹರ ದಾಟುತ್ತಿದ್ದ ಅದೇ ವರ್ಷ. ಬಾಳೆ ಮೀನು ತುಂಗಭದ್ರೆಯಲ್ಲಿ ಇವನ ಕಾಲ ಬುಡದಲ್ಲೇ ಇತ್ತು, ಹೆಸರು ಮಾತ್ರ ಜರ್ಮನಿಯಲ್ಲಿ ಅಚ್ಚಾಗುತ್ತಿತ್ತು. ಕುಟುಕೋ ಚೇಳು ಮೀನಿಗೂ ಹೀಗೇ ಆಯ್ತು. ಇವನು ಸಿಂಗಿ ಅನ್ನೋ ಬಂಗಾಳಿ ಹೆಸರಿಂದ ಕರೆದ, ಆದರೆ ಬ್ಲಾಖ್ ಅನ್ನೋ ಜರ್ಮನ್ ಡಾಕ್ಟರ್ 1794ರಲ್ಲೇ ಅದಕ್ಕೆ ಹೆಸರಿಟ್ಟಿದ್ದ. ಶಾಸ್ತ್ರದಲ್ಲಿ ಮೊದಲು ಇಟ್ಟವನ ಹೆಸರೇ ನಿಲ್ಲೋದು. ಹಾಗಾಗಿ ಈ ಎರಡು ಮೀನು ಅವನ ಕೈ ತಪ್ಪಿದವು.

ನಮ್ಮ ಹುಡುಗರಿಗೆ ಸಿಕ್ಕ ಮೀನಿನ ವಿಷಯಕ್ಕೂ ಒಂದು ತಿದ್ದುಪಡಿ ಇದೆ. ಬಗೇರಿಯಸ್ ಅನ್ನೋ ಕುಲದ ಹೆಸರು ಬುಕಾನನ್ ಕೊಟ್ಟ ಹೆಸರಿನಿಂದಲೇ ಬಂದದ್ದು. ಆದರೆ ಕೃಷ್ಣಾ ಕೊಳ್ಳದ ದೊಡ್ಡ ಜಾತಿಯನ್ನ 1839ರಲ್ಲಿ ಕರ್ನಲ್ ಸೈಕ್ಸ್ ಅನ್ನೋನು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ಬೇರೆಯಾಗಿ ವಿವರಿಸಿದ. ಅವನು ಬೆಸ್ತರ ಮಾತು ತಗೊಳ್ಳಲಿಲ್ಲ, ಇಂಗ್ಲೆಂಡಿನ ಯಾರೆಲ್ ಅನ್ನೋ ಪ್ರಾಣಿಶಾಸ್ತ್ರಜ್ಞನ ಹೆಸರು ಇಟ್ಟ. ಹಳೇ ಪಟ್ಟಿಗಳು ಎರಡನ್ನೂ ಸೇರಿಸಿ ಬರೀತಿದ್ದವು. ತುಂಗಭದ್ರೆ ಕೃಷ್ಣೆಯ ಮಗಳು, ಆದ್ದರಿಂದ ನಮ್ಮದು ಪುಣೆ ಕಡೆಯ ಜಾತಿ ಅಂತ ಹೇಳೋದು ಸರಿ.

ಈಗ ಬುಕಾನನ್‌ಗೆ ಆದ ಅನ್ಯಾಯದ ಕಥೆ.

ಸರ್ವೆ ಮುಗಿದ ಮೇಲೆ 1814ರಲ್ಲಿ ಕಲ್ಕತ್ತಾ ಬೊಟಾನಿಕಲ್ ಗಾರ್ಡನ್ನಿನ ಮುಖ್ಯಸ್ಥನಾದ. ವಿಲಿಯಂ ರಾಕ್ಸ್‌ಬರ್ಗ್ ಕೂತಿದ್ದ ಕುರ್ಚಿ ಅದು. ಆದರೆ ಮೈಯಲ್ಲಿ ಶಕ್ತಿ ಇರಲಿಲ್ಲ, 20 ವರ್ಷದ ತಿರುಗಾಟ ಆರೋಗ್ಯವನ್ನ ತಿಂದಿತ್ತು. ಕೆಲವೇ ತಿಂಗಳಲ್ಲಿ ಊರಿಗೆ ಹೊರಡೋಕೆ ತಯಾರಾದ. ಪೆಟ್ಟಿಗೆಗಳಲ್ಲಿ ಗಿಡ, ಕಲ್ಲು, ನಾಣ್ಯ, ಬರಹ, ಮತ್ತೆ ವರ್ಷಗಟ್ಟಲೆ ಕೂತು ಬರೆಸಿದ್ದ ಚಿತ್ರಗಳು. ಎಲ್ಲವನ್ನೂ ಲಂಡನ್ನಿನಲ್ಲಿ ಕಂಪನಿಯ ಗ್ರಂಥಾಲಯಕ್ಕೇ ಕೊಡೋ ಯೋಚನೆ ಇತ್ತು. ಕೊಡುವ ಮುಂಚೆ ಅವುಗಳನ್ನ ನೋಡಿ ಪುಸ್ತಕ ಬರೀಬೇಕು ಅಂತ ಆಸೆ. ಹೊರಡೋ ಹೊತ್ತಿಗೆ ಗವರ್ನರ್ ಜನರಲ್ ಲಾರ್ಡ್ ಮೊಯ್ರಾನ ಆದೇಶ ಬಂತು. ಚಿತ್ರ ಬರೆದವರಿಗೆ ಸಂಬಳ ಕೊಟ್ಟಿದ್ದು ಸರ್ಕಾರ, ಆದ್ದರಿಂದ ಚಿತ್ರಗಳು ಸರ್ಕಾರದ್ದು, ಕಲ್ಕತ್ತಾ ಬಿಟ್ಟು ಹೋಗುವ ಹಾಗಿಲ್ಲ.

ಬುಕಾನನ್ ಪ್ರತಿಭಟಿಸಿದ. ಪ್ರಯೋಜನ ಆಗಲಿಲ್ಲ. ಚಿತ್ರಗಳು ಉಳಿದವು, ಅವನು 1815ರಲ್ಲಿ ಹಡಗು ಹತ್ತಿದ.

ಕಾನೂನಿನ ಮಾತಿನಲ್ಲಿ ಮೊಯ್ರಾ ಹೇಳಿದ್ದು ತಪ್ಪಲ್ಲ ಅಂತ ವಾದ ಮಾಡೋರು ಇದ್ದಾರೆ. ಇರಬಹುದು. ಆದರೆ ಯಾರ ಕೈಗೂ ಉಪಯೋಗ ಆಗದ ಹಾಗೆ ಒಬ್ಬನ ಕೆಲಸವನ್ನ ಬೀರುವಿನಲ್ಲಿ ಇಡೋದು ಯಾವ ನ್ಯಾಯ? ಸಣ್ಣ ಮಟ್ಟದಲ್ಲಿ ಬರೆಯೋ ನಮ್ಮಂಥವರಿಗೂ ಇದರ ರುಚಿ ಗೊತ್ತು. ನಾನು ಕಳಿಸಿದ ಫೋಟೋ ಇನ್ನೊಬ್ಬರ ಹೆಸರಲ್ಲಿ ಬಂದಿದ್ದನ್ನ ಒಮ್ಮೆ ನೋಡಿ ಎರಡು ದಿನ ಊಟ ಸೇರಲಿಲ್ಲ. ಅದು ಒಂದು ಫೋಟೋ. ಅವನದು ಇಪ್ಪತ್ತು ವರ್ಷ.

ಸ್ಕಾಟ್ಲೆಂಡಿಗೆ ಹೋದ ಮೇಲೆ ಕ್ಯಾಲೆಂಡರ್ ಹತ್ತಿರ ಲೆನಿ ಅನ್ನೋ ಮನೆತನದ ಎಸ್ಟೇಟಿನಲ್ಲಿ ನೆಲೆಸಿದ. ಅಣ್ಣಂದಿರು ತೀರಿಕೊಂಡು ಕಿರಿಯವನಿಗೇ ಆಸ್ತಿ ಬಂದಿತ್ತು. ತಾಯಿ ಕಡೆಯ ಹ್ಯಾಮಿಲ್ಟನ್ ಹೆಸರು ತಗೊಂಡ. ಮದುವೆ ಆದ, ಮಗ ಹುಟ್ಟಿದ. 1819ರಲ್ಲಿ ನೇಪಾಳದ ಪುಸ್ತಕ ಬಂತು. ಆಮೇಲೆ ಮೀನಿಗೆ ಕೂತ. ಸರ್ಕಾರ ಕಿತ್ತುಕೊಂಡ ಚಿತ್ರಗಳು ಇಲ್ಲದೆ, ತನ್ನ ಹತ್ತಿರ ಉಳಿದಿದ್ದ ಟಿಪ್ಪಣಿ ಮತ್ತು ಕೆಲವು ಚಿತ್ರಗಳನ್ನ ಇಟ್ಟುಕೊಂಡು ಗಂಗಾ ನದಿ ಮತ್ತು ಅದರ ಶಾಖೆಗಳ ಮೀನುಗಳ ಪುಸ್ತಕ ಬರೆದ. 1822ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾಯ್ತು. 269 ಜಾತಿಯ ವಿವರ, 39 ಫಲಕಗಳಲ್ಲಿ 97 ಚಿತ್ರ. ಲೆಕ್ಕ ಹಾಕಿ: ಸುಮಾರು ಮೂರರಲ್ಲಿ ಎರಡು ಪಾಲು ಮೀನಿಗೆ ಚಿತ್ರವೇ ಇಲ್ಲ. ಮೀನಿನ ಪುಸ್ತಕದಲ್ಲಿ ಚಿತ್ರ ಇಲ್ಲದಿದ್ದರೆ ಮುಂದಿನವರಿಗೆ ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಇವನು ಹೇಳಿದ ಮೀನು ಇದೋ ಅದೋ ಅಂತ ನೂರು ವರ್ಷ ಪಂಡಿತರು ತಲೆ ಕೆಡಿಸಿಕೊಂಡರು. ಉತ್ತರ ಕಲ್ಕತ್ತಾದ ಬೀರುವಿನಲ್ಲಿತ್ತು.

ಅದೇ ಪುಸ್ತಕದಲ್ಲಿ ಕೋಸಿ ನದಿಯ ಒಂದು ಸಣ್ಣ ಪಟ್ಟೆ ಮೀನಿಗೂ ಹೆಸರು ಸಿಕ್ಕಿತು, ರೇರಿಯೋ ಅಂತ. ಇವತ್ತು ಜೀಬ್ರಾ ಫಿಶ್ ಅಂತ ಪ್ರಪಂಚದ ಸಾವಿರಾರು ಲ್ಯಾಬುಗಳಲ್ಲಿ ಕ್ಯಾನ್ಸರ್, ಹೃದಯ, ವಂಶವಾಹಿ ಸಂಶೋಧನೆಗೆ ಬಳಸೋದು ಅದೇ ಮೀನನ್ನ. ಇನ್ನೊಂದು ಕಾಕತಾಳೀಯ ಹೇಳಿ ಮುಂದೆ ಹೋಗ್ತೀನಿ. ಈಗ ನಮ್ಮ ಕಡೆ ಕದ್ದು ಮುಚ್ಚಿ ಸಾಕೋ ಆಫ್ರಿಕನ್ ಕ್ಯಾಟ್‌ಫಿಶ್ ಇದೆಯಲ್ಲ, ಸಾಕೋದು ನಿಷೇಧ ಇದ್ದರೂ ಕೋಳಿ ತ್ಯಾಜ್ಯ ಹಾಕಿ ಬೆಳೆಸಿ, ಮಳೆಗಾಲದಲ್ಲಿ ಹೊಂಡ ಒಡೆದು ಹಳ್ಳಕ್ಕೆ ಸೇರಿ ನಮ್ಮ ಮೀನಿನ ಮರಿಗಳನ್ನ ತಿನ್ನುತ್ತಿರೋದು, ಅದಕ್ಕೂ ಬರ್ಚೆಲ್ ಅನ್ನೋನು ಹೆಸರಿಟ್ಟಿದ್ದು 1822ರಲ್ಲೇ, ದಕ್ಷಿಣ ಆಫ್ರಿಕಾದ ನದಿಯೊಂದರ ಹೆಸರಿನಿಂದ. ಒಂದೇ ವರ್ಷ ನಾಮಕರಣ ಆದ ಮಾಗುರ್ ಮತ್ತು ಆಫ್ರಿಕನ್ ಇವತ್ತು ಒಂದೇ ಬಕೆಟ್ಟಿನಲ್ಲಿ ಮಾರಾಟ ಆಗ್ತಿವೆ. ಕೊಳ್ಳೋರು ಸ್ವಲ್ಪ ನೋಡಿ ಕೊಳ್ಳಿ.

ಬುಕಾನನ್ 1829ರ ಜೂನ್ 15ರಂದು ತೀರಿಕೊಂಡ. 67 ವರ್ಷ. ಕಿತ್ತುಕೊಂಡ ಚಿತ್ರಗಳು ಅವನ ಕಣ್ಣಿಗೆ ಮತ್ತೆ ಬೀಳಲಿಲ್ಲ.

ಸತ್ತ ಮೇಲೂ ಲೂಟಿ ನಿಲ್ಲಲಿಲ್ಲ. 1830ರಿಂದ ಲಂಡನ್ನಿನಲ್ಲಿ ಭಾರತದ ಪ್ರಾಣಿಗಳ ಚಿತ್ರ ಸಂಪುಟ ಬರೋಕೆ ಶುರುವಾಯ್ತು. ಜನರಲ್ ಹಾರ್ಡ್‌ವಿಕ್ ಅನ್ನೋ ಸೇನಾಧಿಕಾರಿಯ ಸಂಗ್ರಹದಿಂದ ಗ್ರೇ ಅನ್ನೋ ಪಂಡಿತ ತಂದದ್ದು. ಅದರಲ್ಲಿದ್ದ ಮೀನುಗಳಲ್ಲಿ ಬುಕಾನನ್‌ನ ಕಲ್ಕತ್ತಾ ಚಿತ್ರಗಳ ನಕಲುಗಳೂ ಇದ್ದವು, ಬುಕಾನನ್ ಹೆಸರಿಲ್ಲದೆ. 1838ರಲ್ಲಿ ಏಳು ವರ್ಷದ ಸರ್ವೆಯ ಬರಹವನ್ನ ಮಾಂಟ್‌ಗೊಮರಿ ಮಾರ್ಟಿನ್ ಅನ್ನೋನು ಕತ್ತರಿಸಿ ಮೂರು ಸಂಪುಟ ಮಾಡಿ ತನ್ನ ಹೆಸರಲ್ಲಿ ಪ್ರಕಟಿಸಿದ. ಕತ್ತರಿ ಹಾಕಿದವನ ಹೆಸರು ಮುಂದೆ, ಬಿಸಿಲಲ್ಲಿ ನಡೆದವನ ಹೆಸರು ಹಿಂದೆ. 1839ರಲ್ಲಿ ಜಾನ್ ಮೆಕ್ಲೆಲ್ಯಾಂಡ್ ಅನ್ನೋ ಇನ್ನೊಬ್ಬ ಕಂಪನಿ ಡಾಕ್ಟರ್ ಕಲ್ಕತ್ತಾದಲ್ಲಿ ಮೂಲ ಚಿತ್ರಗಳನ್ನ ಹುಡುಕಿ, ಇವು ಬುಕಾನನ್‌ದು ಅಂತ ಹೇಳಿಯೇ ಕೆಲವನ್ನ ಅಚ್ಚು ಹಾಕಿಸಿದ. ಪೂರ್ತಿ ಲೆಕ್ಕ ಚುಕ್ತಾ ಆಗೋಕೆ ಇನ್ನೂ 90 ವರ್ಷ ಬೇಕಾಯ್ತು. ಸುಂದರ್‌ಲಾಲ್ ಹೋರಾ ಅನ್ನೋ ನಮ್ಮ ದೇಶದ ಮೀನು ವಿಜ್ಞಾನಿ, 1929ರಲ್ಲಿ, ಅಂದರೆ ಬುಕಾನನ್ ಸತ್ತು ಸರಿಯಾಗಿ ನೂರು ವರ್ಷಕ್ಕೆ, ಕಲ್ಕತ್ತಾದಲ್ಲಿದ್ದ ಆ ಚಿತ್ರಗಳನ್ನ ಪುಸ್ತಕದ ಜೊತೆ ಒಂದೊಂದಾಗಿ ಹೋಲಿಸಿ, ಅಚ್ಚಾಗದೆ ಉಳಿದವುಗಳ ಜೊತೆ ವಿವರವಾಗಿ ಪ್ರಕಟಿಸಿದರು. ಬ್ರಿಟಿಷರು ಬ್ರಿಟಿಷರಿಗೆ ಮಾಡಿದ ಅನ್ಯಾಯವನ್ನ ತಿದ್ದಿದ್ದು ಪಂಜಾಬಿನಿಂದ ಬಂದ ಒಬ್ಬ ಭಾರತೀಯ. ಚಿತ್ರ ಬರೆದ ಬಂಗಾಳಿ ಕೈಗಳ ಹೆಸರು ಮಾತ್ರ ಇನ್ನೂ ಪೂರ್ತಿ ಸಿಕ್ಕಿಲ್ಲ.

ಇದನ್ನೆಲ್ಲ ಓದಿ ಮುಗಿಸಿ ನಾನು ಮತ್ತೆ ಹರಿಹರಕ್ಕೆ ಹೋದೆ, ಆ ಮೀನಿನ ಮೀಸೆ ಎಣಿಸೋಣ, ರೆಕ್ಕೆಯ ಕಡ್ಡಿ ಎಣಿಸೋಣ ಅಂತ. ಹುಡುಗರು ನಕ್ಕರು. ಸಿಕ್ಕ ದಿನ ಸಂಜೆನೇ ನಾಲ್ಕು ಪಾಲು ಮಾಡಿ ಸಾರು ಮಾಡಿಯಾಗಿತ್ತು. ತೆಪ್ಪದ ಹಿರಿಯರಿಗೆ ತಲೆಯ ಪಾಲು ಕೊಟ್ಟಿದ್ದರಂತೆ. ಉಳಿದಿದ್ದು ನನ್ನ ಫೋನಿನಲ್ಲಿರೋ ಒಂದು ಫೋಟೋ, ಅದರಲ್ಲೂ ಬಲಗಡೆಯ ಮೀಸೆ ಹುಡುಗನ ಕೈಯಡಿ ಮುಚ್ಚಿಹೋಗಿದೆ. ಎಡಗಡೆ ನಾಲ್ಕು ಎಣಿಸೋಕೆ ಸಿಗುತ್ತೆ.